ಲೋಡ್ 41, ಸಿಪಿಯು ಖಾಲಿ

ಗೆಳೆಯರು ಸೇರಿ ನಡೆಸುವ ಒಂದು ಕನ್ನಡ ಜಾಲಪತ್ರಿಕೆಯ ಸರ್ವರ್ ನೋಡಿಕೊಳ್ಳುವ ಕೆಲಸ ಕೆಲವು ವರ್ಷ ನನ್ನ ಪಾಲಿಗಿತ್ತು. ಎರಡು ಕೋರ್, 2 ಜಿಬಿ ರ‍್ಯಾಮ್‌ನ ಬಾಡಿಗೆ ಯಂತ್ರ. ಯುಗಾದಿ ವಿಶೇಷಾಂಕ ಏರಿಸಿದ ಸಂಜೆ ಸಂಪಾದಕರ ಫೋನ್ ಬಂತು: "ಪುಟ ತೆರೀತಾನೇ ಇಲ್ಲ ಮಾರಾಯ್ರೆ, ಸುಮ್ನೆ ಸುತ್ತುತ್ತಾ ಕೂತಿದೆ." ಲಾಗಿನ್ ಆಗುವುದಕ್ಕೇ ಎರಡು ನಿಮಿಷ ಹಿಡಿಯಿತು. ಒಳಗೆ ಹೋಗಿ ನೋಡಿದರೆ ಲೋಡ್ ಆವರೇಜ್ 41. ಎರಡು ಕೋರಿಗೆ ನಲವತ್ತೊಂದು ಎಂದರೆ ಸಿಪಿಯು ಸಾಲುತ್ತಿಲ್ಲ ಎಂದು ಆ ಕ್ಷಣದಲ್ಲೇ ತೀರ್ಮಾನಿಸಿದೆ. ಯಂತ್ರವನ್ನು ರೀಬೂಟ್ ಮಾಡಿ, ಮರುದಿನ ನಾಲ್ಕು ಕೋರಿನ ಯೋಜನೆಗೆ ದುಡ್ಡು ಕಟ್ಟಿಸಿದೆ. ರ‍್ಯಾಮ್ ಮೊದಲಿನಷ್ಟೇ ಇತ್ತು. ಮುಂದಿನ ಸಂಚಿಕೆಯ ದಿನ ಲೋಡ್ ಮತ್ತೆ ನಲವತ್ತರ ಆಸುಪಾಸಿಗೆ ಏರಿ ನಿಂತಿತು.

ಆ ದಿನ ರೀಬೂಟ್ ಮಾಡದೆ ಕೂತು ನೋಡಿದೆ. ನಾಲ್ಕೂ ಕೋರುಗಳು ಹೆಚ್ಚುಕಡಿಮೆ ಖಾಲಿ ಕೂತಿದ್ದವು. ಸಿಪಿಯುವಿನ ನೂರು ಪಾಲಿನಲ್ಲಿ ನಿಜವಾದ ದುಡಿಮೆಗೆ ಹೋಗುತ್ತಿದ್ದದ್ದು ಹದಿನೈದು ಪಾಲು ಮಾತ್ರ. ಉಳಿದದ್ದೆಲ್ಲ ಕಾಯುವಿಕೆ. ಕೊರತೆಯಿದ್ದದ್ದು ಮೆಮೊರಿಗೆ, ನಾನು ದುಡ್ಡು ಹಾಕಿಸಿದ್ದು ಸಿಪಿಯುಗೆ. ಆ ದುಡ್ಡು ಓದುಗರ ಚಂದಾದಿಂದ ಬಂದದ್ದು. ಸಣ್ಣ ಪತ್ರಿಕೆ, ಶಾಲೆ, ಸಹಕಾರ ಸಂಘ, ಅಂಗಡಿ ಇಂಥವುಗಳ ಸರ್ವರ್ ನೋಡಿಕೊಳ್ಳುವ ಬೇರೆ ಯಾರೂ ಇದೇ ದಾರಿ ಹಿಡಿದು ದುಡ್ಡು ಕಳೆಯಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. ಹೇಳುತ್ತಿರುವುದೆಲ್ಲ ಲಿನಕ್ಸ್ ಸರ್ವರ್‌ಗಳ ಬಗ್ಗೆ.

ಆ ಸಂಖ್ಯೆ ಏನನ್ನು ಎಣಿಸುತ್ತದೆ

ಲೋಡ್ ಆವರೇಜ್ ಎಂಬುದು ಸಿಪಿಯು ಎಷ್ಟು ದುಡಿಯುತ್ತಿದೆ ಎಂಬುದರ ಅಳತೆಯಲ್ಲ. ಎಷ್ಟು ಕೆಲಸಗಳು ಸರದಿಯಲ್ಲಿವೆ ಎಂಬುದರ ಎಣಿಕೆ. ಸಿಪಿಯು ಮೇಲೆ ಓಡುತ್ತಿರುವವು, ಸಿಪಿಯು ಸಿಗಲೆಂದು ಕಾದಿರುವವು, ಇವೆರಡರ ಜೊತೆಗೆ ಲಿನಕ್ಸ್ ಮೂರನೆಯದೊಂದನ್ನೂ ಸೇರಿಸುತ್ತದೆ: ಡಿಸ್ಕಿನಿಂದ ಏನೋ ಬರಬೇಕೆಂದು, ನಡುವೆ ಎಬ್ಬಿಸಲಾಗದಂಥ ನಿದ್ದೆಯಲ್ಲಿರುವ ಪ್ರೋಸೆಸ್‌ಗಳು. ಪಟ್ಟಿಯಲ್ಲಿ ಇವುಗಳ ಸ್ಥಿತಿ ‘ಡಿ’ ಎಂಬ ಅಕ್ಷರದಲ್ಲಿ ಕಾಣುತ್ತದೆ.

ಈ ಮೂರನೆಯದು ಮೊದಲಿನಿಂದ ಇರಲಿಲ್ಲ. 1993ರಲ್ಲಿ ಮಥಿಯಾಸ್ ಉರ್ಲಿಶ್ಸ್ ಎಂಬವರು ಕಳಿಸಿದ ಒಂದು ಸಣ್ಣ ತಿದ್ದುಪಡಿಯಿಂದ ಅದು ಬಂತು. ಅವರು ಕೊಟ್ಟ ಕಾರಣ ನಮ್ಮ ವಿಷಯಕ್ಕೆ ನೇರವಾಗಿ ತಾಗುತ್ತದೆ. ವೇಗದ ಸ್ವ್ಯಾಪ್ ಡಿಸ್ಕ್ (ಮೆಮೊರಿ ಸಾಲದಾಗ ನೆರವಿಗೆ ಬಳಸುವ ಡಿಸ್ಕ್) ತೆಗೆದು ನಿಧಾನದ್ದನ್ನು ಹಾಕಿದರೆ ಯಂತ್ರ ಇನ್ನಷ್ಟು ಕುಂಟಬೇಕು, ಆದರೆ ಲೋಡ್ ಸಂಖ್ಯೆ ಮಾತ್ರ ಇಳಿಯುತ್ತಿತ್ತು. ಡಿಸ್ಕಿಗಾಗಿ ಕಾದವರನ್ನು ಯಾರೂ ಎಣಿಸುತ್ತಿರಲಿಲ್ಲವಲ್ಲ. ಅದು ಸರಿಯಲ್ಲವೆಂದು ಕಾಯುವವರನ್ನೂ ಲೆಕ್ಕಕ್ಕೆ ತಂದರು. ಹಾಗಾಗಿ ಇವತ್ತು ಮೆಮೊರಿ ಸಾಲದೆ ಯಂತ್ರ ಒದ್ದಾಡಿದರೆ ಅದು ಲೋಡ್‌ನಲ್ಲಿ ಕಾಣುತ್ತದೆ. ಆದರೆ ಯಾವುದಕ್ಕಾಗಿ ಕಾಯುತ್ತಿದ್ದಾರೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಅದನ್ನು ನಾವೇ ಕೇಳಿ ತಿಳಿಯಬೇಕು.

ಮದುವೆ ಮನೆಯ ಅಡುಗೆ ನೆನಪಿಸಿಕೊಳ್ಳಿ. ಅಡುಗೆ ಭಟ್ಟರು ಸಿಪಿಯು. ಅವರ ಕೈಗೆಟುಕುವ ಕಟ್ಟೆ ರ‍್ಯಾಮ್. ಕಟ್ಟೆಯ ಮೇಲೆ ಜಾಗ ಮುಗಿದಾಗ ಸದ್ಯಕ್ಕೆ ಬೇಡದ ಪಾತ್ರೆ ಪಗಡಗಳನ್ನು ಅಟ್ಟಕ್ಕೆ ಏರಿಸುತ್ತಾರೆ. ಆ ಅಟ್ಟವೇ ಸ್ವ್ಯಾಪ್, ಅಂದರೆ ಡಿಸ್ಕಿನ ಮೇಲೆ ಮೆಮೊರಿಗೆಂದು ಮೀಸಲಿಟ್ಟ ಜಾಗ. ವರ್ಷಕ್ಕೊಮ್ಮೆ ಬೇಕಾಗುವ ಕೊಪ್ಪರಿಗೆ ಅಟ್ಟದಲ್ಲಿದ್ದರೆ ಯಾರಿಗೂ ತೊಂದರೆಯಿಲ್ಲ. ಆದರೆ ಕಟ್ಟೆ ತೀರಾ ಚಿಕ್ಕದಾಗಿ ಸೌಟು, ಒಗ್ಗರಣೆ ಬಟ್ಟಲು, ಉಪ್ಪಿನ ಡಬ್ಬಿ ಎಲ್ಲವನ್ನೂ ಹತ್ತಿಸಿ ಇಳಿಸಬೇಕಾಗಿ ಬಂತೆನ್ನಿ: ಸೌಟು ಇಳಿಸಲು ಜಾಗ ಬೇಕು, ಅದಕ್ಕೆ ಉಪ್ಪಿನ ಡಬ್ಬಿ ಹತ್ತಿಸಬೇಕು, ಮರುಕ್ಷಣ ಉಪ್ಪು ಬೇಕು, ಸೌಟು ಹತ್ತಿಸಬೇಕು. ಭಟ್ಟರು ಏಣಿಯ ಕೆಳಗೆ ಕೈಕಟ್ಟಿ ನಿಂತಿದ್ದಾರೆ. ಪಂಕ್ತಿಯಲ್ಲಿ ಎಲೆ ಹಾಕಿ ಕೂತವರು ಹಾಗೇ ಕೂತಿದ್ದಾರೆ. ಇನ್ನಿಬ್ಬರು ಭಟ್ಟರನ್ನು ಕರೆಸಿದರೆ ಏಣಿಯ ಕೆಳಗೆ ನಿಲ್ಲುವವರು ಇಬ್ಬರು ಹೆಚ್ಚಾದಾರು, ಅಷ್ಟೇ. ನಾಲ್ಕು ಕೋರು ಕೊಂಡು ನಾನು ಮಾಡಿದ್ದು ಅದನ್ನೇ.

ಕಂಪ್ಯೂಟರ್ ವಿಜ್ಞಾನದಲ್ಲಿ ಈ ಹತ್ತಿಳಿಯಾಟಕ್ಕೆ ಥ್ರ್ಯಾಶಿಂಗ್ ಎನ್ನುತ್ತಾರೆ. ಅದರ ಕಾರಣ, ಪರಿಹಾರಗಳ ಬಗ್ಗೆ ಪೀಟರ್ ಡೆನ್ನಿಂಗ್ 1968ರಲ್ಲೇ ಬರೆದರು. ಅಟ್ಟದ ಎತ್ತರ ಎಷ್ಟು ಎಂಬುದೂ ಗೊತ್ತಿರಲಿ. ರ‍್ಯಾಮ್‌ನಿಂದ ಒಂದು ವಿಷಯ ತೆಗೆಯಲು ಸುಮಾರು 100 ನ್ಯಾನೊಸೆಕೆಂಡ್ ಬೇಕು. ಎಸ್‌ಎಸ್‌ಡಿಯಿಂದ ಸುಮಾರು 100 ಮೈಕ್ರೊಸೆಕೆಂಡ್. ತಿರುಗುವ ಹಳೆಯ ಹಾರ್ಡ್‌ಡಿಸ್ಕಿನಿಂದ ಸುಮಾರು 10 ಮಿಲಿಸೆಕೆಂಡ್. ಕಟ್ಟೆಯಿಂದ ಸೌಟು ತೆಗೆಯಲು ಒಂದು ಸೆಕೆಂಡ್ ಎಂದಾದರೆ ಎಸ್‌ಎಸ್‌ಡಿ ಅಟ್ಟದಿಂದ ತರಲು ಕಾಲು ಗಂಟೆಗೂ ಮೇಲೆ, ಹಾರ್ಡ್‌ಡಿಸ್ಕ್ ಅಟ್ಟದಿಂದ ತರಲು ಒಂದು ದಿನಕ್ಕೂ ಹೆಚ್ಚು. ಅರ್ಧ ಜಿಬಿ ಮೆಮೊರಿ ಕಡಿಮೆಬಿದ್ದರೆ ಯಂತ್ರ ಅರ್ಧದಷ್ಟು ನಿಧಾನವಾಗುವುದಿಲ್ಲ, ನಿಂತೇ ಹೋಗುತ್ತದೆ. ಅದಕ್ಕೆ ಕಾರಣ ಈ ಅಂತರ.

ರೀಬೂಟ್‌ಗೆ ಮುಂಚಿನ ಐದು ನಿಮಿಷ

ಕೈ ರೀಬೂಟಿನ ಕಡೆಗೇ ಹೋಗುತ್ತದೆ, ನಿಜ. ಆದರೆ ರೀಬೂಟ್ ಆದ ಮೇಲೆ ಯಂತ್ರ ಸ್ವಚ್ಛವಾಗಿರುತ್ತದೆ, ಸಾಕ್ಷಿಯೂ ಸ್ವಚ್ಛವಾಗಿ ಹೋಗಿರುತ್ತದೆ. ಐದು ನಿಮಿಷ ತಡೆದುಕೊಂಡು ನಾಲ್ಕು ಕಮಾಂಡ್‌ಗಳ ಫಲಿತಾಂಶವನ್ನು ಒಂದು ಫೈಲಿಗೆ ಉಳಿಸಿ. ಅದೂ ಆಗದಿದ್ದರೆ ಪರದೆಯ ಫೋಟೊ ತೆಗೆದುಕೊಳ್ಳಿ. ಕಮಾಂಡ್‌ಗಳ ಹೆಸರನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ.

ಮೊದಲು ‘ಅಪ್‌ಟೈಮ್’. ಕೊನೆಯಲ್ಲಿ ಮೂರು ಸಂಖ್ಯೆ ಕಾಣುತ್ತವೆ: ಕಳೆದ 1, 5 ಮತ್ತು 15 ನಿಮಿಷಗಳ ಲೋಡ್. 41, 28, 12 ಎಂದಿದ್ದರೆ ಸಂಕಟ ಈಗ ಏರುತ್ತಿದೆ. ಅದೇ ಸಂಖ್ಯೆಗಳು ತಿರುವುಮುರುವಾಗಿದ್ದರೆ ಇಳಿಯುತ್ತಿದೆ, ತುಸು ಕಾಯಬಹುದು. ಕೋರು ಎಷ್ಟೆಂದು ತಿಳಿಯದಿದ್ದರೆ ‘ಎನ್‌ಪ್ರಾಕ್’ ಹೇಳುತ್ತದೆ. ಲೋಡ್ ಸಂಖ್ಯೆಗೆ ಬೆಲೆ ಬರುವುದು ಕೋರುಗಳ ಪಕ್ಕದಲ್ಲಿಟ್ಟು ನೋಡಿದಾಗ: ಎಂಟು ಕೋರಿಗೆ ಲೋಡ್ 6 ಆರಾಮ, ಒಂದು ಕೋರಿಗೆ ಅದೇ 6 ಕಷ್ಟ.

ಎರಡನೆಯದು ‘ಫ್ರೀ -ಎಂ’. ಇದು ಮೆಮೊರಿಯ ಲೆಕ್ಕವನ್ನು ಎಂಬಿಗಳಲ್ಲಿ ಕೊಡುತ್ತದೆ. ಇಲ್ಲಿ ತುಂಬ ಜನ ಎಡವುವುದು ‘ಫ್ರೀ’ ಎಂಬ ಅಂಕಣದಲ್ಲಿ. ಅದು 60 ಎಂಬಿ ಎಂದಿರುವುದನ್ನು ನೋಡಿ ಗಾಬರಿಯಾಗುತ್ತಾರೆ. ಲಿನಕ್ಸ್ ಖಾಲಿ ಬಿದ್ದ ಮೆಮೊರಿಯನ್ನು ಡಿಸ್ಕಿನಿಂದ ಓದಿದ ಫೈಲುಗಳ ಪ್ರತಿ ಇಟ್ಟುಕೊಳ್ಳಲು ಬಳಸುತ್ತದೆ. ಯಾರಾದರೂ ಕೇಳಿದರೆ ತಕ್ಷಣ ಬಿಟ್ಟುಕೊಡುತ್ತದೆ. ಆದ್ದರಿಂದ ಚೆನ್ನಾಗಿ ನಡೆಯುತ್ತಿರುವ ಸರ್ವರಿನಲ್ಲೂ ‘ಫ್ರೀ’ ಸಣ್ಣದಾಗಿಯೇ ಇರುತ್ತದೆ. ನೋಡಬೇಕಾದದ್ದು ಸಾಲಿನ ಕೊನೆಯ ‘ಅವೈಲಬಲ್’. ಯಾರನ್ನೂ ಅಟ್ಟಕ್ಕೆ ಕಳಿಸದೆ ಹೊಸ ಕೆಲಸಕ್ಕೆ ಎಷ್ಟು ಮೆಮೊರಿ ಕೊಡಬಹುದು ಎಂಬ ಅಂದಾಜು ಅದು. 2014ರಲ್ಲಿ ಬಂದ 3.14ನೇ ಕರ್ನೆಲ್‌ನಿಂದ ಈ ಲೆಕ್ಕವನ್ನು ಕರ್ನೆಲ್ಲೇ ಮಾಡಿ ಕೊಡುತ್ತದೆ. ನಮ್ಮ ಯಂತ್ರದಲ್ಲಿ ಒಟ್ಟು 1963 ಎಂಬಿ ಇತ್ತು, ಅವೈಲಬಲ್ 70. ಸ್ವ್ಯಾಪ್ ಇದ್ದದ್ದು 1024 ಎಂಬಿ, ಅದರಲ್ಲಿ 1011 ತುಂಬಿತ್ತು.

ಇಷ್ಟು ನೋಡಿದ ಮೇಲೂ ತೀರ್ಪು ಕೊಡಬೇಡಿ. ಸ್ವ್ಯಾಪ್ ತುಂಬಿದೆ ಎಂದ ಮಾತ್ರಕ್ಕೆ ಅದೇ ರೋಗ ಎನ್ನಲಾಗದು. ಮೂರು ತಿಂಗಳ ಹಿಂದೆ ಅಟ್ಟಕ್ಕೆ ಹೋದ ಕೊಪ್ಪರಿಗೆ ಅಲ್ಲೇ ಇದ್ದೀತು. ಅಟ್ಟದಲ್ಲಿ ಎಷ್ಟಿದೆ ಎನ್ನುವುದಕ್ಕಿಂತ ಏಣಿಯ ಮೇಲೆ ಈಗ ಯಾರಾದರೂ ಓಡಾಡುತ್ತಿದ್ದಾರೆಯೇ ಎನ್ನುವುದು ಮುಖ್ಯ. ಅದನ್ನು ತೋರಿಸುವುದು ಮೂರನೆಯ ಕಮಾಂಡ್, ‘ವಿಎಂಸ್ಟ್ಯಾಟ್ 1’. ಒಂದೇ ಒಂದು ಕಮಾಂಡ್ ಕಲಿಯುವಷ್ಟು ವ್ಯವಧಾನ ನಿಮಗಿದ್ದರೆ ಇದನ್ನೇ ಕಲಿಯಿರಿ ಎನ್ನುತ್ತೇನೆ. ಸೆಕೆಂಡಿಗೆ ಒಂದು ಸಾಲು ಬರೆಯುತ್ತಾ ಹೋಗುತ್ತದೆ. ಮೊದಲ ಸಾಲು ಯಂತ್ರ ಶುರುವಾದಾಗಿನಿಂದ ಈವರೆಗಿನ ಸರಾಸರಿ, ಅದನ್ನು ಬಿಟ್ಟುಬಿಡಿ. ಆಮೇಲಿನ ಹತ್ತು ಹದಿನೈದು ಸಾಲುಗಳನ್ನು ನಿಧಾನವಾಗಿ ಓದಿ.

‘ಆರ್’ ಎಂಬುದರ ಕೆಳಗೆ ಸಿಪಿಯು ಮೇಲಿರುವವರು, ಅದಕ್ಕಾಗಿ ಕಾಯುವವರು. ‘ಬಿ’ ಕೆಳಗೆ ಡಿಸ್ಕಿಗಾಗಿ ಕಾಯುತ್ತಾ ಸಿಕ್ಕಿಬಿದ್ದವರು. ‘ಎಸ್‌ಐ’ ಎಂದರೆ ಆ ಸೆಕೆಂಡಿನಲ್ಲಿ ಸ್ವ್ಯಾಪ್‌ನಿಂದ ಇಳಿದದ್ದು, ‘ಎಸ್‌ಒ’ ಎಂದರೆ ಹತ್ತಿದ್ದು. ನಮ್ಮಲ್ಲಿ ‘ಆರ್’ 2 ಅಥವಾ 3, ‘ಬಿ’ ಮೂವತ್ತರ ಮೇಲೆ. ಎಸ್‌ಐ, ಎಸ್‌ಒ ಎರಡೂ ಸಾಲುಸಾಲಿಗೂ ಮೂರು ನಾಲ್ಕು ಸಾವಿರ. ಎರಡೂ ಒಟ್ಟಿಗೆ, ಬಿಡುವಿಲ್ಲದೆ. ಸೌಟು ಇಳಿಯುತ್ತಿದೆ, ಉಪ್ಪು ಹತ್ತುತ್ತಿದೆ. ಇದು ಕಂಡರೆ ಮೆಮೊರಿ ಕೊರತೆಯ ಬಗ್ಗೆ ಇನ್ನು ಅನುಮಾನ ಬೇಡ. ಆಗೊಮ್ಮೆ ಈಗೊಮ್ಮೆ ಒಂದು ಸಾಲಿನಲ್ಲಿ ಎಸ್‌ಐ ಹಾರಿ ಮತ್ತೆ ಸೊನ್ನೆಗೆ ಬಂದರೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಇದೇ ಕಮಾಂಡ್ ಬೇರೆ ರೋಗಗಳನ್ನೂ ಬೇರ್ಪಡಿಸುತ್ತದೆ. ‘ಆರ್’ ಕೋರುಗಳಿಗಿಂತ ಬಹಳ ಹೆಚ್ಚಿದ್ದು, ಎಸ್‌ಐ ಎಸ್‌ಒ ಸೊನ್ನೆಯಿದ್ದು, ಸಿಪಿಯುವಿನ ‘ಯುಎಸ್’, ಅಂದರೆ ಪ್ರೋಗ್ರಾಂಗಳ ದುಡಿಮೆಗೆ ಹೋದ ಪಾಲು, 90 ದಾಟಿದ್ದರೆ ಅದು ನಿಜವಾಗಿಯೂ ಸಿಪಿಯು ಕೊರತೆ. ‘ಬಿ’ ಹೆಚ್ಚಿದ್ದು ಸ್ವ್ಯಾಪ್ ಓಡಾಟವಿಲ್ಲದೆ, ಅವೈಲಬಲ್ ಧಾರಾಳವಾಗಿದ್ದರೆ ಡಿಸ್ಕೇ ನಿಧಾನವಾಗಿದೆ, ಇಲ್ಲವೇ ನೆಟ್‌ವರ್ಕಿನ ಮೂಲಕ ಜೋಡಿಸಿದ ಎನ್‌ಎಫ್‌ಎಸ್ ಡಿಸ್ಕಿನ ಆಚೆಯ ತುದಿ ಕೈಕೊಟ್ಟಿದೆ. ಎನ್‌ಎಫ್‌ಎಸ್ ಕೈಕೊಟ್ಟಾಗ ಸಿಪಿಯು ಪೂರ್ತಿ ಖಾಲಿಯಿದ್ದೂ ಲೋಡ್ ನೂರು ದಾಟುವುದುಂಟು. ‘ಎಸ್‌ಟಿ’ ಎಂಬ ಅಂಕಣ ದೊಡ್ಡದಾಗಿದ್ದರೆ ನಿಮ್ಮ ಪಾಲಿನ ಸಿಪಿಯು ಹೊತ್ತನ್ನು ಅದೇ ಭೌತಿಕ ಯಂತ್ರದಲ್ಲಿರುವ ಬೇರೆ ಬಾಡಿಗೆದಾರರು ಬಳಸುತ್ತಿದ್ದಾರೆ ಎಂದರ್ಥ. ಅದನ್ನು ನೀವು ಸರಿಪಡಿಸಲಾಗದು, ಸೇವೆ ಕೊಡುವವರಿಗೇ ಹೇಳಬೇಕು.

‘ಡಬ್ಲ್ಯುಎ’ ಎಂಬ ಅಂಕಣವೂ ಅಲ್ಲಿದೆ: ಸಿಪಿಯು ಸುಮ್ಮನಿದ್ದು, ಡಿಸ್ಕಿನ ಕೆಲಸವೊಂದು ಬಾಕಿಯಿದ್ದ ಹೊತ್ತು. ನಮ್ಮಲ್ಲಿ ಅದು 80ರ ಮೇಲಿತ್ತು. ಆದರೆ ಇದೊಂದನ್ನೇ ನಂಬಿಕೊಳ್ಳಬೇಡಿ. ಅದೇ ಹೊತ್ತಿಗೆ ಇನ್ಯಾವುದೋ ಪ್ರೋಗ್ರಾಂ ಸಿಪಿಯು ತಿನ್ನುತ್ತಿದ್ದರೆ ಡಬ್ಲ್ಯುಎ ತಾನಾಗಿ ಕೆಳಗಿಳಿಯುತ್ತದೆ, ಕಾಯುವವರು ಕಾಯುತ್ತಲೇ ಇರುತ್ತಾರೆ.

ನಾಲ್ಕನೆಯದು, ಜಾಗ ಹಿಡಿದವರು ಯಾರು ಎಂಬ ಪ್ರಶ್ನೆ. ‘ಟಾಪ್’ ತೆರೆದು ದೊಡ್ಡಕ್ಷರದ ‘ಎಂ’ ಒತ್ತಿದರೆ ಮೆಮೊರಿ ಹೆಚ್ಚು ಹಿಡಿದವರು ಮೇಲೆ ಬರುತ್ತಾರೆ. ‘ವರ್ಟ್’ ಅಂಕಣದ ದೊಡ್ಡ ದೊಡ್ಡ ಸಂಖ್ಯೆಗಳಿಗೆ ಹೆದರಬೇಡಿ. ಅದು ಕೇಳಿ ಕಾದಿರಿಸಿದ್ದು, ಎಲ್ಲವೂ ಬಳಕೆಯಲ್ಲಿಲ್ಲ. ಕಟ್ಟೆಯ ಮೇಲೆ ನಿಜವಾಗಿ ಹಿಡಿದ ಜಾಗ ‘ರೆಸ್’ ಅಂಕಣದಲ್ಲಿದೆ. ಪಟ್ಟಿಯ ತಲೆಯಲ್ಲಿ ಒಬ್ಬನೇ ರಾಕ್ಷಸ ಕಾಣದಿದ್ದರೆ ಅಲ್ಲಿಗೇ ನಿಲ್ಲಬೇಡಿ. ನಮ್ಮ ಪಟ್ಟಿಯಲ್ಲಿ ಡೇಟಾಬೇಸ್ ಬಿಟ್ಟರೆ ದೊಡ್ಡದು ಯಾವುದೂ ಇರಲಿಲ್ಲ. ತಲಾ 60 ಎಂಬಿ ಹಿಡಿದ ಅಪಾಚೆ ವೆಬ್‌ಸರ್ವರಿನ ಪ್ರೋಸೆಸ್‌ಗಳೇ ಪುಟಗಟ್ಟಲೆ ಇದ್ದವು. ಮನೆ ತುಂಬಿದ್ದು ಒಬ್ಬ ದೊಡ್ಡ ನೆಂಟನಿಂದ ಅಲ್ಲ, ಸಣ್ಣ ನೆಂಟರ ಗುಂಪಿನಿಂದ.

ಅಟ್ಟವೇ ಇಲ್ಲದ ಮನೆ

ಇದನ್ನು ಬೇರೆಯಾಗಿ ಹೇಳಬೇಕು, ಏಕೆಂದರೆ ಅನುಭವಿಗಳೂ ಇಲ್ಲಿ ದಾರಿ ತಪ್ಪುತ್ತಾರೆ. ಬಾಡಿಗೆಗೆ ಸಿಗುವ ಎಷ್ಟೋ ಕ್ಲೌಡ್ ಯಂತ್ರಗಳಲ್ಲಿ ಸ್ವ್ಯಾಪ್ ಇರುವುದೇ ಇಲ್ಲ. ಅಂಥಲ್ಲಿ ಎಸ್‌ಐ, ಎಸ್‌ಒ ಎರಡೂ ಸದಾ ಸೊನ್ನೆ. ಹಾಗಿದ್ದರೆ ಥ್ರ್ಯಾಶಿಂಗ್ ಆಗುವುದಿಲ್ಲವೇ? ಆಗುತ್ತದೆ, ಬೇರೆ ಬಾಗಿಲಿನಿಂದ.

ಓಡುತ್ತಿರುವ ಪ್ರೋಗ್ರಾಮಿನ ಕೋಡ್ ಕೂಡ ಡಿಸ್ಕಿನ ಫೈಲಿನಿಂದ ಮೆಮೊರಿಗೆ ಬಂದದ್ದೇ. ಜಾಗ ಬೇಕಾದಾಗ ಕರ್ನೆಲ್ ಆ ಕೋಡಿನ ಪುಟಗಳನ್ನು ಎಸೆಯುತ್ತದೆ, ಡಿಸ್ಕಿನಲ್ಲಿ ಮೂಲ ಪ್ರತಿ ಇದ್ದೇ ಇದೆಯಲ್ಲ ಎಂಬ ಧೈರ್ಯದಿಂದ. ಮರುಗಳಿಗೆ ಪ್ರೋಗ್ರಾಂ ಓಡಬೇಕಾದರೆ ಅದೇ ಪುಟಗಳನ್ನು ಮತ್ತೆ ಓದಿ ತರಬೇಕು. ಆಗ ವಿಎಂಸ್ಟ್ಯಾಟ್‌ನಲ್ಲಿ ಸ್ವ್ಯಾಪ್ ಸೊನ್ನೆ, ಆದರೆ ‘ಬಿಐ’, ಅಂದರೆ ಡಿಸ್ಕಿನಿಂದ ಓದಿದ್ದು, ಒಂದೇ ಸಮನೆ ಏರಿ ಕೂತಿರುತ್ತದೆ. ಟಾಪ್‌ನಲ್ಲಿ ‘ಕೆಸ್ವ್ಯಾಪ್‌ಡಿ0’ ಎಂಬ ಹೆಸರು ಮೇಲೆ ಕಾಣುತ್ತದೆ. ಹೆಸರಿನಲ್ಲಿ ಸ್ವ್ಯಾಪ್ ಇದ್ದರೂ ಅದು ಮೆಮೊರಿ ಬಿಡಿಸಿಕೊಡುವ ಕರ್ನೆಲ್‌ನ ಆಳು. ಸ್ವ್ಯಾಪ್ ಇಲ್ಲದ ಯಂತ್ರದಲ್ಲೂ ಇರುತ್ತದೆ. ಅದು ಒಂದು ಕೋರನ್ನು ಪೂರ್ತಿ ತಿನ್ನುತ್ತಿದ್ದರೆ ಕಟ್ಟೆಯ ಮೇಲೆ ಜಾಗ ಮುಗಿದಿದೆ ಎಂದೇ ತಿಳಿಯಿರಿ. ಸ್ವ್ಯಾಪ್ ತೆಗೆದುಹಾಕಿದರೆ ಸ್ವ್ಯಾಪ್ ಸಮಸ್ಯೆ ಇರುವುದಿಲ್ಲ ಎಂಬ ಸಲಹೆ ಆಗಾಗ ಕಿವಿಗೆ ಬೀಳುತ್ತದೆ. ನಾನು ಒಪ್ಪುವುದಿಲ್ಲ. ಅಟ್ಟ ಕೆಡವಿದರೆ ಪಾತ್ರೆಗಳು ಕಡಿಮೆಯಾಗುವುದಿಲ್ಲ, ಸೌಟನ್ನು ಪೇಟೆಗೆ ಹೋಗಿ ತರಬೇಕಾಗುತ್ತದೆ.

ಈ ಗೊಂದಲಕ್ಕೆ ಈಗ ಒಳ್ಳೆಯ ಉತ್ತರ ಇದೆ. 2018ರ ಕೊನೆಗೆ ಬಂದ 4.20ನೇ ಕರ್ನೆಲ್‌ನಿಂದ, ‘ಪ್ರಾಕ್’ ಫೋಲ್ಡರಿನೊಳಗೆ ‘ಪ್ರೆಶರ್’, ಅದರೊಳಗೆ ‘ಮೆಮೊರಿ’ ಎಂಬ ಫೈಲ್ ಇರುತ್ತದೆ. ಕೆಲವು ಲಿನಕ್ಸ್‌ಗಳಲ್ಲಿ ಇದನ್ನು ಬೂಟ್ ಆಯ್ಕೆಯಿಂದ ಚಾಲೂ ಮಾಡಬೇಕಾಗುತ್ತದೆ. ‘ಕ್ಯಾಟ್’ ಮಾಡಿ ನೋಡಿದರೆ ಎರಡೇ ಸಾಲು. ‘ಸಮ್’ ಎಂಬುದು ಯಾರಾದರೂ ಒಬ್ಬರು ಮೆಮೊರಿಗಾಗಿ ನಿಂತುಹೋದ ಹೊತ್ತಿನ ಪಾಲು, ‘ಫುಲ್’ ಎಂಬುದು ಕೆಲಸವಿದ್ದವರೆಲ್ಲರೂ ಒಟ್ಟಿಗೆ ನಿಂತುಹೋದ ಹೊತ್ತಿನ ಪಾಲು. ಕಳೆದ 10, 60, 300 ಸೆಕೆಂಡುಗಳ ಸರಾಸರಿ ಶೇಕಡದಲ್ಲಿ. ಲೋಡ್ ಸಂಖ್ಯೆ ಹೇಳದೆ ಬಿಟ್ಟದ್ದನ್ನು ಇದು ನೇರವಾಗಿ ಹೇಳುತ್ತದೆ. ‘ಫುಲ್’ ಮೊದಲ ಸರಾಸರಿ 30 ಎಂದಿದ್ದರೆ ಕಳೆದ ಹತ್ತು ಸೆಕೆಂಡುಗಳಲ್ಲಿ ಮೂರು ಸೆಕೆಂಡು ಇಡೀ ಅಡುಗೆಮನೆ ಸ್ತಬ್ಧವಾಗಿತ್ತು.

ಸತ್ತವನೇ ತಪ್ಪಿತಸ್ಥನಲ್ಲ

ಕೊರತೆ ಮಿತಿಮೀರಿದಾಗ ಕರ್ನೆಲ್ ತಾನೇ ಒಬ್ಬರನ್ನು ಆರಿಸಿ ಕೊಲ್ಲುತ್ತದೆ. ಈ ಕೆಲಸ ಮಾಡುವ ಭಾಗಕ್ಕೆ ಊಮ್ ಕಿಲ್ಲರ್ ಎಂದು ಹೆಸರು. ಸಾಮಾನ್ಯವಾಗಿ ಅತಿ ಹೆಚ್ಚು ಮೆಮೊರಿ ಹಿಡಿದವರ ಮೇಲೇ ಅದರ ಕಣ್ಣು ಬೀಳುತ್ತದೆ. ಸಣ್ಣ ವೆಬ್ ಸರ್ವರಿನಲ್ಲಿ ಅದು ಬಹುತೇಕ ಡೇಟಾಬೇಸ್, ಅಂದರೆ ಮೈಎಸ್‌ಕ್ಯೂಎಲ್. ಆಮೇಲೆ ನೋಡಿದವರಿಗೆ ಕಾಣುವುದು ಇಷ್ಟೇ: ಜಾಲತಾಣ ಡೇಟಾಬೇಸ್ ಸಿಗುತ್ತಿಲ್ಲ ಎನ್ನುತ್ತಿದೆ. ಅವರು ಮೈಎಸ್‌ಕ್ಯೂಎಲ್ ಮತ್ತೆ ಚಾಲೂ ಮಾಡಿ, ಅದಕ್ಕೇ ಏನೋ ಕಾಯಿಲೆ ಎಂದು ವಾರಗಟ್ಟಲೆ ಅದರ ಸೆಟ್ಟಿಂಗ್ ತಿದ್ದುತ್ತಾ ಕೂರುತ್ತಾರೆ. ಪಾಪ, ಅದು ತನ್ನ ಪಾಲಿನ ಜಾಗದಲ್ಲಿ ಸುಮ್ಮನೆ ಕೆಲಸ ಮಾಡುತ್ತಿತ್ತು.

ಇದನ್ನು ಖಚಿತಪಡಿಸಿಕೊಳ್ಳಲು ಕರ್ನೆಲ್‌ನ ದಾಖಲೆ ನೋಡಬೇಕು: ‘ಜರ್ನಲ್‌ಸಿಟಿಎಲ್ -ಕೆ’, ಅಥವಾ ಡಿ, ಎಂ, ಇ, ಎಸ್, ಜಿ ಎಂಬ ಐದಕ್ಷರಗಳ ಕಮಾಂಡ್. ಅದರಲ್ಲಿ ‘ಔಟ್ ಆಫ್ ಮೆಮೊರಿ’ ಎಂಬ ಪದಗಳನ್ನು ಹುಡುಕಿ. ಆ ಸಾಲು ಸಿಕ್ಕರೆ ಅದರ ಮೇಲಕ್ಕೆ ಸರಿದು ನೋಡಿ: ಕೊಂದ ಕ್ಷಣದಲ್ಲಿ ಯಾರ್ಯಾರು ಎಷ್ಟೆಷ್ಟು ಹಿಡಿದಿದ್ದರು ಎಂಬ ಪೂರ್ತಿ ಪಟ್ಟಿಯನ್ನು ಕರ್ನೆಲ್ ಬರೆದಿಟ್ಟಿರುತ್ತದೆ. ಅಪರಾಧ ನಡೆದ ಜಾಗದ ಪಂಚನಾಮೆಯಂತೆ. ಅಲ್ಲಿ ‘ಆರ್‌ಎಸ್‌ಎಸ್’ ಎಂಬ ಅಂಕಣದ ಸಂಖ್ಯೆಗಳು ಕೆಬಿ ಅಲ್ಲ, ಪುಟಗಳು. ಸಾಮಾನ್ಯ ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಒಂದು ಪುಟ 4 ಕೆಬಿ, ಆದ್ದರಿಂದ ನಾಲ್ಕರಿಂದ ಗುಣಿಸಿ. ಒಂದೇ ಹೆಸರು ಐವತ್ತು ಸಲ ಬಂದಿದ್ದರೆ ಎಲ್ಲವನ್ನೂ ಕೂಡಿಸಿ. ಸಂಜೆಯ ಸಂಕಟಕ್ಕೆ ಕಾರಣ ಯಾರೆಂದು ಬಹಳ ಸಲ ಆ ಕೂಡಿಕೆಯಲ್ಲೇ ಗೊತ್ತಾಗುತ್ತದೆ.

ಡಾಕರ್‌ನಂಥ ಕಂಟೇನರ್ ಬಳಸುವವರಿಗೆ ಒಂದು ಮಾತು: ಕಂಟೇನರಿಗೆ ಅದರದೇ ಮಿತಿ ಹಾಕಿರಬಹುದು. ಯಂತ್ರದಲ್ಲಿ ಎಷ್ಟೇ ಮೆಮೊರಿ ಉಳಿದಿದ್ದರೂ ಕಂಟೇನರ್ ತನ್ನ ಮಿತಿ ಮುಟ್ಟಿದರೆ ಅದರೊಳಗಿನವರು ಸಾಯುತ್ತಾರೆ. 137 ಎಂಬ ಎಕ್ಸಿಟ್ ಕೋಡ್ ಕಂಡರೆ ಮೊದಲ ಅನುಮಾನ ಇದರ ಮೇಲಿರಲಿ.

ಪಂಕ್ತಿಯ ಲೆಕ್ಕ

ಈಗ ನಮ್ಮ ಪತ್ರಿಕೆಯ ಸಂಜೆಗೆ ಮರಳುತ್ತೇನೆ. ಅಪಾಚೆ ಪ್ರಿಫೋರ್ಕ್ ಎಂಬ ವಿಧಾನದಲ್ಲಿ ಓಡುತ್ತಿತ್ತು. ಒಬ್ಬೊಬ್ಬ ಓದುಗನಿಗೂ ಒಂದೊಂದು ಪ್ರೋಸೆಸ್, ಪ್ರತಿಯೊಂದರ ಹೊಟ್ಟೆಯಲ್ಲೂ ಪಿಎಚ್‌ಪಿ. ಒಟ್ಟಿಗೆ ಎಷ್ಟು ಪ್ರೋಸೆಸ್ ಇರಬಹುದು ಎಂಬ ಮಿತಿಯ ಹೆಸರು ‘ಮ್ಯಾಕ್ಸ್‌ರಿಕ್ವೆಸ್ಟ್‌ವರ್ಕರ್ಸ್’. ಉಬುಂಟುವಿನಲ್ಲಿ ಅಪಾಚೆ ಹಾಕಿದಾಗ ತಾನಾಗಿ ಬರುವ 150 ಎಂಬ ಸಂಖ್ಯೆಯನ್ನು ನಾನು ಮುಟ್ಟಿಯೇ ಇರಲಿಲ್ಲ. ತಲಾ 60 ಎಂಬಿಯಂತೆ 150 ಎಂದರೆ 9000 ಎಂಬಿ. 2 ಜಿಬಿ ಯಂತ್ರದಲ್ಲಿ 9 ಜಿಬಿ ಕೇಳುವ ಅಧಿಕಾರವನ್ನು ನಾನೇ ಕೊಟ್ಟಿಟ್ಟಿದ್ದೆ. ಓದುಗರು ಕಡಿಮೆಯಿದ್ದ ದಿನಗಳಲ್ಲಿ ಅದು ಹೊರಬೀಳಲಿಲ್ಲ.

ವಿಶೇಷಾಂಕದ ದಿನ ಬಂದವರೇನೂ ಸಾವಿರಗಟ್ಟಲೆ ಇರಲಿಲ್ಲ. ಆದರೆ ಮೆಮೊರಿ ಕೊರತೆಗೆ ತನ್ನನ್ನು ತಾನೇ ಬೆಳೆಸಿಕೊಳ್ಳುವ ಗುಣವಿದೆ. ಇಪ್ಪತ್ತೈದು ಮೂವತ್ತು ಜನ ಒಟ್ಟಿಗೆ ಬಂದು ಸ್ವ್ಯಾಪ್ ಶುರುವಾಯಿತೆಂದುಕೊಳ್ಳಿ. ಅರ್ಧ ಸೆಕೆಂಡಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಹತ್ತು ಸೆಕೆಂಡು ಹಿಡಿಯುತ್ತದೆ. ಆ ಹತ್ತು ಸೆಕೆಂಡುಗಳಲ್ಲಿ ಇನ್ನಷ್ಟು ಜನ ಬರುತ್ತಾರೆ, ಹಳಬರು ಇನ್ನೂ ಎದ್ದಿಲ್ಲ, ಬಂದವರಿಗೆ ಹೊಸ ಪ್ರೋಸೆಸ್ ಬೇಕು. ಪುಟ ಬಾರದಿದ್ದವರು ರಿಫ್ರೆಶ್ ಒತ್ತುತ್ತಾರೆ, ಅದಕ್ಕೆ ಮತ್ತೊಂದು. ನಿಧಾನದಿಂದ ಗುಂಪು, ಗುಂಪಿನಿಂದ ಮತ್ತಷ್ಟು ನಿಧಾನ. ಫಲಿತಾಂಶದ ದಿನ ಕಾಲೇಜಿನ ಜಾಲತಾಣ ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಒಮ್ಮೆಲೇ ಕುಸಿಯುವುದರ ಹಿಂದೆಯೂ ಹಲವು ಸಲ ಇದೇ ಸುಳಿ ಇರುತ್ತದೆ.

ಹಾಗಾಗಿ ಮದ್ದು ಮೊದಲ ನೋಟಕ್ಕೆ ವಿಚಿತ್ರ ಎನ್ನಿಸುತ್ತದೆ: ಒಳಗೆ ಬಿಡುವವರ ಸಂಖ್ಯೆಯನ್ನು ಇಳಿಸಬೇಕು. ದೇವಸ್ಥಾನದ ಭೋಜನಶಾಲೆಯಲ್ಲಿ ಪಂಕ್ತಿ ತುಂಬಿದ ಮೇಲೆ ಬಾಗಿಲು ಹಾಕುತ್ತಾರಲ್ಲ, ಅದೇ ಉಪಾಯ. ಹೊರಗೆ ನಿಂತವರು ಸ್ವಲ್ಪ ಹೊತ್ತು ಕಾಯುತ್ತಾರೆ, ಒಳಗಿನವರು ಬೇಗ ಉಂಡು ಏಳುತ್ತಾರೆ. ಬಾಗಿಲು ಹಾಕದೆ ಎಲ್ಲರನ್ನೂ ಒಳಗೆ ಬಿಟ್ಟರೆ ಬಡಿಸುವವರಿಗೆ ಕಾಲಿಡಲೂ ಜಾಗ ಇರುವುದಿಲ್ಲ.

ಎಷ್ಟು ಜನರ ಪಂಕ್ತಿ? ಇದು ಊಹೆಯಲ್ಲ, ಕಾಗದದ ಮೇಲಿನ ಕೂಡಿ ಕಳೆಯುವ ಲೆಕ್ಕ. ಒಟ್ಟು 1963 ಎಂಬಿಯನ್ನು 1950 ಎಂದು ಹಿಡಿದೆ. ಡೇಟಾಬೇಸಿಗೆ 400. ಕರ್ನೆಲ್, ಲಾಗಿನ್, ಲಾಗ್ ಬರೆಯುವವರು ಇತ್ಯಾದಿಗೆ 250. ಫೈಲುಗಳ ಕ್ಯಾಶ್‌ಗೆ ಕನಿಷ್ಠ 300 ಉಳಿಯಲೇಬೇಕು. ಇದನ್ನು ಮರೆತರೆ ಪ್ರತಿ ಚಿತ್ರವನ್ನೂ ಡಿಸ್ಕಿನಿಂದ ಓದಬೇಕಾಗುತ್ತದೆ. ಉಳಿದದ್ದು 1000. ಅದನ್ನು 60ರಿಂದ ಭಾಗಿಸಿದರೆ 16. ನೂರೈವತ್ತಿದ್ದ ಜಾಗದಲ್ಲಿ ಹದಿನಾರು ಎಂದು ಬರೆಯುವಾಗ ಕೈ ನಡುಗಿತ್ತು. ರೆಸ್ ಅಂಕಣ ಪ್ರೋಸೆಸ್‌ಗಳು ಹಂಚಿಕೊಂಡ ಮೆಮೊರಿಯನ್ನು ಪ್ರತಿಯೊಬ್ಬರ ಲೆಕ್ಕದಲ್ಲೂ ಸೇರಿಸುವುದರಿಂದ ಈ ಲೆಕ್ಕ ತುಸು ಬಿಗಿಯಾಗಿಯೇ ಬರುತ್ತದೆ. ‘ಎಸ್‌ಮೆಮ್’ ಎಂಬ ಸಾಧನ ಹಂಚಿಕೆ ಮಾಡಿ ಸರಿಯಾದ ಪಾಲು ತೋರಿಸುತ್ತದೆ. ಬಿಗಿಯಿಂದ ಶುರುಮಾಡಿ ಆಮೇಲೆ ಸಡಿಲಿಸುವುದೇ ಲೇಸು.

ಎನ್‌ಜಿನ್ಎಕ್ಸ್ ಜೊತೆ ಪಿಎಚ್‌ಪಿ ಎಫ್‌ಪಿಎಂ ಬಳಸುವವರು ಇದೇ ಲೆಕ್ಕವನ್ನು ‘ಮ್ಯಾಕ್ಸ್ ಚಿಲ್ಡ್ರನ್’ ಎಂಬ ಮಿತಿಗೆ ಹಾಕಬೇಕು. ಜಾವಾದವರು ನೆನಪಿಡಬೇಕಾದ್ದು, ‘ಎಕ್ಸ್‌ಎಂಎಕ್ಸ್’ ಹೇಳುವುದು ಹೀಪ್‌ನ ಮಿತಿ ಮಾತ್ರ, ಪ್ರೋಸೆಸ್ ಹಿಡಿಯುವ ಒಟ್ಟು ಜಾಗ ಅದಕ್ಕಿಂತ ಹೆಚ್ಚು. ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿ ಬಫರ್ ಪೂಲ್‌ಗೆ ರ‍್ಯಾಮ್‌ನ ಶೇ 80ರವರೆಗೂ ಕೊಡಬಹುದು ಎಂಬ ಸಲಹೆ ಬಹಳ ಕಡೆ ಓದಲು ಸಿಗುತ್ತದೆ. ಡೇಟಾಬೇಸ್ ಒಂದೇ ಇರುವ ಯಂತ್ರಕ್ಕೆ ಹೇಳಿದ ಮಾತು ಅದು. ವೆಬ್‌ಸರ್ವರ್ ಜೊತೆಗೆ ಸಂಸಾರ ಮಾಡುವ ಡೇಟಾಬೇಸಿಗೆ ಅಷ್ಟು ಕೊಟ್ಟರೆ ಉಳಿದವರು ಬೀದಿಗೆ ಬರುತ್ತಾರೆ.

ಎಲ್ಲ ಕೊರತೆಯೂ ಗುಂಪಿನಿಂದಲೇ ಬರುವುದಿಲ್ಲ. ಒಂದೇ ಪ್ರೋಸೆಸ್ ದಿನದಿಂದ ದಿನಕ್ಕೆ ಉಬ್ಬುತ್ತಾ, ಓದುಗರಿಲ್ಲದ ನಡುರಾತ್ರಿಯಲ್ಲೂ ಇಳಿಯದೆ ಇದ್ದರೆ ಅದು ಸೋರಿಕೆ. ಸರಿಪಡಿಸಬೇಕಾದವರು ಆ ಪ್ರೋಗ್ರಾಂ ಬರೆದವರು. ಅಲ್ಲಿಯವರೆಗೆ ಇಂತಿಷ್ಟು ಕೆಲಸವಾದ ಮೇಲೆ ಪ್ರೋಸೆಸ್ ತಾನೇ ಹೊಸದಾಗುವಂತೆ ಮಾಡಿಡಬಹುದು. ಇನ್ನೊಂದು, ಕ್ರಾನ್ ಕೆಲಸಗಳು. ಐದು ನಿಮಿಷಕ್ಕೊಮ್ಮೆ ಓಡುವ ಬ್ಯಾಕಪ್‌ಗೆ ಒಂದು ದಿನ ಏಳು ನಿಮಿಷ ಹಿಡಿಯಿತೆಂದರೆ ಹಿಂದಿನದು ಮುಗಿಯುವ ಮೊದಲೇ ಮುಂದಿನದು ಹುಟ್ಟುತ್ತದೆ, ಒಂದನ್ನೊಂದು ನಿಧಾನ ಮಾಡುತ್ತಾ ಬೆಳಗಾಗುವಷ್ಟರಲ್ಲಿ ಹತ್ತಾರು. ‘ಎಫ್‌ಲಾಕ್’ ಎಂಬ ಕಮಾಂಡಿನ ಮೂಲಕ ಓಡಿಸಿದರೆ ಒಂದು ಹೊತ್ತಿಗೆ ಒಂದೇ ಇರುತ್ತದೆ. ಲೋಡ್ ದಿನವೂ ಒಂದೇ ಗಂಟೆಗೆ ಏರುತ್ತಿದ್ದರೆ ಮೊದಲು ಕ್ರಾನ್ ಪಟ್ಟಿ ತೆರೆದು ನೋಡಿ.

ಬೇಡದ ಮದ್ದುಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಗಂಟೆಗೊಮ್ಮೆ ಕ್ಯಾಶ್ ಖಾಲಿ ಮಾಡುವ ‘ಡ್ರಾಪ್ ಕ್ಯಾಶಸ್’ ಸ್ಕ್ರಿಪ್ಟ್ ಹಾಕಬೇಡಿ. ಕೇಳಿದಾಗ ಕರ್ನೆಲ್ ಹೇಗೂ ಬಿಟ್ಟುಕೊಡುತ್ತಿದ್ದ ಜಾಗವನ್ನೇ ಅದು ಖಾಲಿ ಮಾಡುತ್ತದೆ, ಆಮೇಲೆ ಎಲ್ಲವನ್ನೂ ಡಿಸ್ಕಿನಿಂದ ಮತ್ತೆ ಓದಿಸುತ್ತದೆ. ಅಟ್ಟಕ್ಕೆ ಕಳಿಸುವ ಒಲವನ್ನು ಹೇಳುವ ‘ಸ್ವ್ಯಾಪಿನೆಸ್’ ಸಂಖ್ಯೆಯನ್ನು 60ರಿಂದ 10ಕ್ಕೆ ಇಳಿಸುವುದು ಜನಪ್ರಿಯ ಸಲಹೆ. ತಪ್ಪಲ್ಲ, ಆದರೆ 9 ಜಿಬಿ ಬೇಡಿಕೆಯನ್ನು 2 ಜಿಬಿಯಲ್ಲಿ ಕೂರಿಸುವ ಶಕ್ತಿ ಅದಕ್ಕಿಲ್ಲ. ಸ್ವ್ಯಾಪ್ ಇಲ್ಲದ ಯಂತ್ರಕ್ಕೆ ಒಂದೆರಡು ಜಿಬಿ ಸ್ವ್ಯಾಪ್ ಫೈಲ್ ಸೇರಿಸಿಡಿ. ಅದು ರ‍್ಯಾಮ್‌ಗೆ ಬದಲಿ ಎಂದಲ್ಲ. ಡೇಟಾಬೇಸ್ ಒಮ್ಮೆಲೇ ಸಾಯುವ ಬದಲು ಯಂತ್ರ ನಿಧಾನವಾದರೆ ನೀವು ಲಾಗಿನ್ ಆಗಿ ನೋಡುವಷ್ಟು ಹೊತ್ತಾದರೂ ಸಿಗುತ್ತದೆ.

ಸಂಕಟದ ನಡುವೆಯೇ ಯಂತ್ರವನ್ನು ಉಳಿಸಿಕೊಳ್ಳಬೇಕಾದರೆ ವೆಬ್‌ಸರ್ವರನ್ನು ಮೊದಲು ನಿಲ್ಲಿಸಿ, ಡೇಟಾಬೇಸನ್ನು ಅಲ್ಲ. ಗುಂಪು ಖಾಲಿಯಾದ ಕೂಡಲೇ ಲೋಡ್ ಇಳಿಯತೊಡಗುತ್ತದೆ. ಮಿತಿ ತಿದ್ದಿ ಮತ್ತೆ ಬಾಗಿಲು ತೆರೆಯಿರಿ. ಬರೆಯುತ್ತಿರುವ ಡೇಟಾಬೇಸನ್ನು ಬಲವಂತವಾಗಿ ಕೊಂದರೆ ಅದು ಎದ್ದು ಕೂತು ಲೆಕ್ಕ ಸರಿಮಾಡಿಕೊಳ್ಳುವುದಕ್ಕೇ ಹೊತ್ತು ಹೋಗುತ್ತದೆ.

ಇನ್ನೊಂದನ್ನು ಇವತ್ತೇ, ಯಂತ್ರ ಆರೋಗ್ಯವಾಗಿರುವಾಗಲೇ ಮಾಡಿಡಿ: ‘ಸಿಸ್‌ಸ್ಟ್ಯಾಟ್’ ಪ್ಯಾಕೇಜ್ ಹಾಕಿ, ಅದು ದಾಖಲೆ ಬರೆಯುವಂತೆ ಚಾಲೂ ಮಾಡಿ. ಹತ್ತು ನಿಮಿಷಕ್ಕೊಮ್ಮೆ ಯಂತ್ರದ ನಾಡಿ ಹಿಡಿದು ಬರೆದಿಡುತ್ತದೆ. ಆಮೇಲೆ ‘ಸಾರ್ -ಕ್ಯೂ’ ಲೋಡ್ ತೋರಿಸುತ್ತದೆ, ‘ಸಾರ್ -ಆರ್’ ಮೆಮೊರಿ, ದೊಡ್ಡಕ್ಷರದ ‘ಸಾರ್ -ಡಬ್ಲ್ಯು’ ಸ್ವ್ಯಾಪ್ ಓಡಾಟ. ರಾತ್ರಿ ಎರಡಕ್ಕೆ ಯಂತ್ರ ಬಿದ್ದು, ಯಾರೋ ರೀಬೂಟ್ ಮಾಡಿ ಬಿಟ್ಟಿದ್ದರೂ, ಬೆಳಿಗ್ಗೆ ಕಾಫಿ ಹಿಡಿದು ಕೂತು ಮೂರನ್ನೂ ಪಕ್ಕಪಕ್ಕದಲ್ಲಿಟ್ಟರೆ ಯಾವುದು ಮೊದಲು ಕೆಟ್ಟಿತು ಎಂದು ಗೊತ್ತಾಗುತ್ತದೆ.

ನಮ್ಮ ಪತ್ರಿಕೆಯ ಮುಂದಿನ ಸಂಚಿಕೆ ಏರಿಸಿದ ಸಂಜೆ ನಾನು ವಿಎಂಸ್ಟ್ಯಾಟ್ ಓಡಿಸಿಟ್ಟು ಕೂತಿದ್ದೆ. ಹದಿನಾರು ಪ್ರೋಸೆಸ್‌ಗಳೂ ತುಂಬಿದವು. ಎಸ್‌ಐ, ಎಸ್‌ಒ ಎರಡೂ ಸೊನ್ನೆಯಲ್ಲೇ ನಿಂತವು. ಲೋಡ್ ಮೂರು ದಾಟಲಿಲ್ಲ. ಆ ತಿಂಗಳೇ ನಾಲ್ಕು ಕೋರಿನ ಯೋಜನೆ ಬಿಟ್ಟು ಎರಡು ಕೋರಿಗೆ ಮರಳಿದೆವು. ಉಳಿದ ದುಡ್ಡಿನಲ್ಲಿ ರ‍್ಯಾಮ್ 4 ಜಿಬಿ ಮಾಡಿಸಿದೆವು. ಕಾಗದ ತೆಗೆದು ಮತ್ತೆ ತುಸು ಬಿಗಿಯಾಗಿಯೇ ಲೆಕ್ಕ ಹಾಕಿ, ಹದಿನಾರು ಇದ್ದಲ್ಲಿ ನಲವತ್ತು ಎಂದು ಬರೆದೆ.